ತೀರಿಕೊಂಡ ಮೇಲೆ ಬರುವವು: ಮಗು, ಕೃತಿ, ಮನ್ನಣೆ

ಮಾನ್ಯರೇ,

ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ 1076ರಿಂದ 1126ರ ನಡುವಣ ಐದು ದಶಕಗಳಲ್ಲಿ, ಇಂದಿನ ಬಸವಕಲ್ಯಾಣದಲ್ಲಿದ್ದುಕೊಂಡು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ದಾಯಭಾಗದ, ಅಂದರೆ ಪಿತ್ರಾರ್ಜಿತ ಆಸ್ತಿಯ ಹಂಚಿಕೆಯ, ಪ್ರಕರಣದಲ್ಲಿ ಒಂದು ಮನೆಯೊಳಗಿನ ಪ್ರಶ್ನೆಯನ್ನು ಕೈಗೆತ್ತಿಕೊಳ್ಳುತ್ತಾನೆ. ತಂದೆ ತೀರಿಕೊಂಡಿದ್ದಾನೆ, ಮಕ್ಕಳು ಹಿಸ್ಸೆ ಮಾಡಿಕೊಳ್ಳಲು ಕೂತಿದ್ದಾರೆ, ತಾಯಿ ಬಸುರಿಯಾಗಿದ್ದಾಳೆ. ಹುಟ್ಟಲಿರುವ ಕೂಸಿನ ಪಾಲಿನ ಗತಿಯೇನು? ಗರ್ಭವು ಸ್ಪಷ್ಟವಾಗಿ ತಿಳಿದಿದ್ದರೆ ಹೆರಿಗೆಯಾಗುವವರೆಗೆ ಕಾದು, ಆಮೇಲೆ ಪಾಲು ಮಾಡಿಕೊಳ್ಳಬೇಕು ಎಂದು ವಸಿಷ್ಠನ ವಚನವನ್ನು ಆಧಾರವಾಗಿಟ್ಟು ಆತ ಹೇಳುತ್ತಾನೆ. ತಿಳಿಯದೆ ಪಾಲಾಗಿಹೋಗಿ ಅನಂತರ ಮಗ ಹುಟ್ಟಿದರೆ, ಕಣ್ಣಿಗೆ ಕಾಣುವ ಆಸ್ತಿಯಲ್ಲಿ ಆ ನಡುವೆ ಬಂದ ಆದಾಯವನ್ನು ಕೂಡಿಸಿ, ಆದ ವೆಚ್ಚವನ್ನು ಕಳೆದು, ಉಳಿದದ್ದರಲ್ಲಿ ಅವನ ಪಾಲನ್ನು ಎಲ್ಲರೂ ಬಿಟ್ಟುಕೊಡಬೇಕು. ಅಂದರೆ ಒಮ್ಮೆ ಮುಗಿದುಹೋದ ಪಾಲನ್ನೂ ಬಿಚ್ಚಿ ಮತ್ತೆ ಲೆಕ್ಕಕ್ಕೆ ಕೂರಬೇಕು.

ಇಂದಿನ ವಿಷಯಕ್ಕೆ ನಾನು ಈ ಬಾಗಿಲಿನಿಂದ ಪ್ರವೇಶಿಸುವುದಕ್ಕೆ ಕಾರಣವಿದೆ. ಒಬ್ಬ ವ್ಯಕ್ತಿ ತೀರಿಕೊಂಡ ಮೇಲೆ ಲೋಕಕ್ಕೆ ಬರುವ ಅವನ ಮಗು, ಅವನ ಕೃತಿ, ಅವನಿಗೆ ಸಲ್ಲುವ ಮನ್ನಣೆ, ಈ ಮೂರನ್ನೂ ನಾವು ಸಾಮಾನ್ಯವಾಗಿ ವಿಧಿಯ ಆಟವೆಂದೋ ಕಾಲದ ನ್ಯಾಯವೆಂದೋ ಹೇಳಿ ಸುಮ್ಮನಾಗುತ್ತೇವೆ. ಆದರೆ ಮಿತಾಕ್ಷರೆಯ ಆ ಎರಡು ಸಾಲುಗಳು ಬೇರೆಯದನ್ನೇ ನೋಡುತ್ತವೆ. ಅಲ್ಲಿ ಮಾತೆಲ್ಲ ಇರುವುದು ಬದುಕಿರುವವರನ್ನು ಕುರಿತು. ಅವರು ಎಷ್ಟು ದಿನ ಕೈಕಟ್ಟಿ ಕೂರಬೇಕು, ತಡವಾಗಿ ಬಂದವನಿಗೆ ಎಷ್ಟನ್ನು ಹಿಂದಿರುಗಿಸಬೇಕು ಎಂಬುದನ್ನು ಕುರಿತು. ಮಗುವಿನ ಮಟ್ಟಿಗೆ ನಮ್ಮಲ್ಲಿ ಒಂಬತ್ತು ಶತಮಾನಗಳಷ್ಟು ಹಿಂದೆಯೇ ಇಂಥ ಕಟ್ಟಳೆಯಿತ್ತು. ಕೃತಿಯ ಮಟ್ಟಿಗೆ ಕಟ್ಟಳೆ ಅರ್ಧದಷ್ಟು ಮಾತ್ರ ಇದೆ. ಮನ್ನಣೆಯ ಮಟ್ಟಿಗೆ ಇಲ್ಲವೇ ಇಲ್ಲವೆನ್ನಬಹುದು, ಇದ್ದರೂ ಕೊಡುವವರ ಅನುಕೂಲಕ್ಕೆ ತಕ್ಕಂತೆ ಬಾಗುತ್ತದೆ. ಈ ಇಳಿಜಾರನ್ನೇ ಇಂದು ತೋರಿಸಬೇಕೆಂದಿದ್ದೇನೆ.

ಮಿತಾಕ್ಷರೆಯ ಉದಾರತೆಗೆ ಮಿತಿಯಿತ್ತು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅಣ್ಣಂದಿರು ಕಾಯುತ್ತಿದ್ದುದು ತಮ್ಮನಿಗಾಗಿ. ತಂಗಿ ಹುಟ್ಟಿದರೆ ಅವಳಿಗೆ ಸಲ್ಲುವ ಲೆಕ್ಕವೇ ಬೇರೆಯಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 20ನೆಯ ಕಲಮು ಗಂಡು ಹೆಣ್ಣೆಂಬ ಭೇದವಿಲ್ಲದೆ, ಉಯಿಲು ಬರೆಯದೆ ತೀರಿಕೊಂಡ ವ್ಯಕ್ತಿಯ ಮರಣದ ಹೊತ್ತಿಗೆ ಗರ್ಭದಲ್ಲಿದ್ದು ಅನಂತರ ಜೀವಂತವಾಗಿ ಹುಟ್ಟಿದ ಮಗುವಿಗೆ, ಆ ಮರಣಕ್ಕೆ ಮೊದಲೇ ಹುಟ್ಟಿದ್ದರೆ ಎಷ್ಟು ಹಕ್ಕು ಇರುತ್ತಿತ್ತೋ ಅಷ್ಟೇ ಹಕ್ಕನ್ನು ಕೊಟ್ಟಿತು. ಹಾಗೆ ಕೊಡುವುದಕ್ಕಾಗಿ ಕಾಯ್ದೆ ಒಂದು ಕಲ್ಪನೆಯನ್ನು ಮಾಡಿಕೊಳ್ಳುತ್ತದೆ: ಮಗುವಿನ ಜನ್ಮದಿನವನ್ನು ಕಾಗದದ ಮೇಲೆ ತಂದೆಯ ಮರಣಕ್ಕಿಂತ ಹಿಂದಕ್ಕೆ ಸರಿಸುತ್ತದೆ. ಸಾಕ್ಷ್ಯದ ಕಾನೂನು ಇದಕ್ಕೆ ಹೊಂದುವಂತೆ ಇನ್ನೊಂದು ಅಳತೆಯನ್ನು ಇಟ್ಟಿದೆ. ವಿವಾಹವು ಕೊನೆಗೊಂಡ 280 ದಿನಗಳೊಳಗೆ, ತಾಯಿ ಮರುಮದುವೆಯಾಗದೆ ಇರುವಾಗ, ಹುಟ್ಟಿದ ಮಗುವನ್ನು ಆ ವಿವಾಹದ ಮಗುವೆಂದೇ ತಿಳಿಯಬೇಕು. ನಮ್ಮ ಹಳ್ಳಿಗಳಲ್ಲಿ ಪೌತಿ ಖಾತೆಗೆ ಅರ್ಜಿ ಹಾಕುವವರು ವಂಶವೃಕ್ಷವನ್ನು ಬರೆಸುವಾಗ, ಮೃತನ ಹೆಂಡತಿಯ ಹೊಟ್ಟೆಯಲ್ಲಿರುವ ಕೂಸಿಗೂ ಅಲ್ಲೊಂದು ಕೊಂಬೆಯಿದೆ ಎಂಬುದನ್ನು ಎಷ್ಟು ಜನ ನೆನೆಯುತ್ತಾರೋ ನಾನು ಕಾಣೆ, ಕಾನೂನಂತೂ ನೆನೆದಿದೆ.

ಇಂಥ ಒಂದು ಮಗುವಿಗಾಗಿ ಒಂದು ರಾಜ್ಯವೇ ಕಾದು ಕುಳಿತ ಸಂಗತಿ ನಮ್ಮ ನೆರೆಯಲ್ಲೇ ನಡೆದಿದೆ. 1773ರ ಆಗಸ್ಟ್ 30ರಂದು ಪುಣೆಯ ಶನಿವಾರವಾಡೆಯಲ್ಲಿ ಪೇಶ್ವೆ ನಾರಾಯಣರಾವ್ ಕೊಲೆಯಾದಾಗ ಅವನ ಹೆಂಡತಿ ಗಂಗಾಬಾಯಿ ಗರ್ಭಿಣಿಯಾಗಿದ್ದಳು. ಚಿಕ್ಕಪ್ಪ ರಘುನಾಥರಾವ್ ಪೇಶ್ವೆಯ ಗಾದಿಯನ್ನು ಏರಿ ದಕ್ಷಿಣದ ದಂಡಯಾತ್ರೆಗೆ ಹೊರಟ. ಅವನು ದೂರವಿದ್ದ ಸಮಯದಲ್ಲಿ ನಾನಾ ಫಡ್ನವೀಸ್, ಸಖಾರಾಮ್ ಬಾಪು ಮೊದಲಾದವರು ಸೇರಿ ಗಂಗಾಬಾಯಿಯನ್ನು ಪುರಂದರದ ಕೋಟೆಗೆ ಸಾಗಿಸಿ, ಹುಟ್ಟುವುದು ಗಂಡೋ ಹೆಣ್ಣೋ ತಿಳಿಯದ ಆ ದಿನಗಳಲ್ಲಿ ಅವಳ ಹೆಸರಿನಲ್ಲೇ ಆಡಳಿತವನ್ನು ನಡೆಸಿದರು. ಬಾರಭಾಯಿ ಎಂದು ಹೆಸರಾದ ಕೂಟ ಅದು. 1774ರ ಏಪ್ರಿಲ್ 18ರಂದು ಗಂಡುಮಗು ಹುಟ್ಟಿತು. ನಲವತ್ತು ದಿನಗಳ ಕೂಸಿಗೆ ಪೇಶ್ವೆಯ ವಸ್ತ್ರಗಳು ಸಂದವು. ರಘುನಾಥರಾವ್ ಮಗುವಿನ ಹುಟ್ಟನ್ನೇ ಅನುಮಾನಿಸಿದ. 1775ರಲ್ಲಿ ಸೂರತ್ತಿನಲ್ಲಿ ಇಂಗ್ಲಿಷರೊಡನೆ ಒಪ್ಪಂದ ಮಾಡಿಕೊಂಡ. ಮೊದಲನೆಯ ಆಂಗ್ಲೋ ಮರಾಠಾ ಯುದ್ಧ ಹೊತ್ತಿಕೊಂಡಿತು. ಈ ಗೊಂದಲದಲ್ಲಿ ಲಾಭ ಕಂಡವನು ಹೈದರಾಲಿ. ಹಿಂದಿನ ಪೇಶ್ವೆ ಮಾಧವರಾಯನಿಗೆ ಸೋತು ಬಿಟ್ಟುಕೊಟ್ಟಿದ್ದ ಸೀಮೆಗಳನ್ನು ಮರಳಿ ಗೆದ್ದು, ಕೃಷ್ಣೆಯ ದಡದವರೆಗೆ ಕೈಚಾಚಿದ. ಪುರಂದರದ ಬಾಣಂತಿಕೋಣೆಯ ಹೊಸಿಲಿಗೂ ಸಿರಾ, ಬಳ್ಳಾರಿಯ ಕೋಟೆಬಾಗಿಲುಗಳಿಗೂ ಸಂಬಂಧವಿತ್ತು ಎಂಬುದನ್ನು ನಮ್ಮ ಶಾಲೆಯ ಇತಿಹಾಸದ ಪಾಠಗಳು ಹೇಳುವುದಿಲ್ಲ.

ಸವಾಯಿ ಮಾಧವರಾವ್ ಎಂದು ಕರೆಯಲಾದ ಆ ಮಗುವಿನ ಬಾಳು ಸುಖದ್ದಾಗಿರಲಿಲ್ಲ. 1795ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಅದೇ ಶನಿವಾರವಾಡೆಯ ಮಹಡಿಯಿಂದ ಬಿದ್ದು ಅವನು ತೀರಿಕೊಂಡ. ಕಾದವರಿಗೆ ಬೇಕಾಗಿದ್ದದ್ದು ಮಗುವೋ ಮಗುವಿನ ಹೆಸರಿನ ಮುದ್ರೆಯೋ ಎಂಬ ಪ್ರಶ್ನೆ ಅವನ ಜೀವನವನ್ನು ಓದಿದವರಿಗೆ ಬಾರದಿರದು. ಯುರೋಪಿನಲ್ಲಿಯೂ ಇಂಥ ದೊರೆಗಳಿದ್ದಾರೆ: 1316ರ ನವೆಂಬರಿನಲ್ಲಿ ಹುಟ್ಟುತ್ತಲೇ ಫ್ರಾನ್ಸಿನ ದೊರೆಯಾಗಿ ಐದೇ ದಿನ ಬದುಕಿದ ಒಂದನೆಯ ಜಾನ್, 1886ರ ಮೇ 17ರಂದು ಹುಟ್ಟಿದ ಗಳಿಗೆಯಿಂದಲೇ ಸ್ಪೇನಿನ ದೊರೆಯಾದ ಹದಿಮೂರನೆಯ ಅಲ್ಫೊನ್ಸೊ. ನಮ್ಮ ಪರೀಕ್ಷಿತನನ್ನು ಇಲ್ಲಿ ನೆನೆಯದಿರುವುದು ಸಾಧ್ಯವಿಲ್ಲ. ತಂದೆ ಅಭಿಮನ್ಯು ಸತ್ತ ಮೇಲೆ ಹುಟ್ಟಿದ ಆ ಮಗು ಉಳಿಯದಿದ್ದರೆ ಜನಮೇಜಯನಿಲ್ಲ, ಜನಮೇಜಯನಿಲ್ಲದಿದ್ದರೆ ಸರ್ಪಯಾಗದಲ್ಲಿ ಕುಳಿತು ವೈಶಂಪಾಯನನಿಂದ ಭಾರತದ ಕಥೆಯನ್ನು ಕೇಳುವ ಕಿವಿಗಳೇ ಇಲ್ಲ.

ವಿಜ್ಞಾನೇಶ್ವರನಾಗಲಿ 1956ರ ಶಾಸಕರಾಗಲಿ ಊಹಿಸದಿದ್ದ ಸಂಗತಿಯೊಂದು ಈಗ ಬಂದು ನಿಂತಿದೆ. ಅವರ ಲೆಕ್ಕದಲ್ಲಿ ಮರಣದ ಗಳಿಗೆಗೆ ಮಗು ಗರ್ಭದಲ್ಲಿ ಇರಲೇಬೇಕು. 2024ರ ಅಕ್ಟೋಬರ್ 4ರಂದು ದೆಹಲಿ ಉಚ್ಚ ನ್ಯಾಯಾಲಯವು, ಕ್ಯಾನ್ಸರಿನ ಚಿಕಿತ್ಸೆಗೆ ಮುನ್ನ ತನ್ನ ವೀರ್ಯವನ್ನು ಶೈತ್ಯದಲ್ಲಿ ಕಾದಿರಿಸಿ, 2020ರಲ್ಲಿ ತೀರಿಕೊಂಡ ಅವಿವಾಹಿತ ಯುವಕನೊಬ್ಬನ ತಂದೆತಾಯಿಗಳಿಗೆ ಆ ಮಾದರಿಯನ್ನು ಆಸ್ಪತ್ರೆಯು ಬಿಟ್ಟುಕೊಡಬೇಕೆಂದು ತೀರ್ಪು ನೀಡಿತು. ಮೃತನ ಸಮ್ಮತಿ ತೋರಿಬರುವಲ್ಲಿ, ಮರಣಾನಂತರದ ಸಂತಾನಕ್ಕೆ ಇಂದಿನ ಭಾರತೀಯ ಕಾನೂನಿನಲ್ಲಿ ನಿಷೇಧವಿಲ್ಲ ಎಂಬುದು ಅದರ ತಿರುಳು. 2021ರ ಸಂತಾನೋತ್ಪತ್ತಿ ನೆರವು ತಂತ್ರಜ್ಞಾನದ ಕಾಯ್ದೆಯು ಇದಕ್ಕೆ ಮೊದಲೇ, ಒಬ್ಬರು ಮರಣ ಹೊಂದಿದರೆ ಕಾದಿರಿಸಿದ ಬೀಜಾಣುಗಳನ್ನು ಏನು ಮಾಡಬೇಕು ಎಂಬ ಲಿಖಿತ ಸೂಚನೆಯನ್ನು ಪಡೆಯದೆ ಅವುಗಳನ್ನು ಇಟ್ಟುಕೊಳ್ಳಕೂಡದು ಎಂದು ಕ್ಲಿನಿಕ್ಕುಗಳಿಗೆ ಹೇಳಿದೆ. ಆದರೆ ಹೀಗೆ ವರ್ಷಗಳ ನಂತರ ಹುಟ್ಟಬಹುದಾದ ಮಗು, ಮರಣದ ಹೊತ್ತಿಗೆ ಗರ್ಭದಲ್ಲಿದ್ದ ಮಗುವಲ್ಲ. 20ನೆಯ ಕಲಮಿನ ಮಾತುಗಳು ಅದನ್ನು ತಲಪುವುದಿಲ್ಲ. ಹಿಸ್ಸೆಗೆ ಕೂತವರು ಎಷ್ಟು ಕಾಲ ಕಾಯಬೇಕು? ಒಂಬತ್ತು ತಿಂಗಳು ಎಂದರೆ ಎಲ್ಲರೂ ಒಪ್ಪುತ್ತಿದ್ದರು. ಹತ್ತು ವರ್ಷ ಎಂದರೆ ಯಾವ ಅಣ್ಣತಮ್ಮಂದಿರೂ ಒಪ್ಪಲಾರರು, ಒಪ್ಪಬೇಕೆಂದು ಹೇಳುವುದೂ ನ್ಯಾಯವಲ್ಲ. ಇದಕ್ಕೆ ಉತ್ತರವನ್ನು ಶಾಸನಸಭೆ ಕೊಡಬೇಕೇ ಹೊರತು ಪ್ರತಿ ಕುಟುಂಬವೂ ನ್ಯಾಯಾಲಯದ ಮೆಟ್ಟಿಲು ಹತ್ತಿ ಪಡೆಯುವಂತಾಗಬಾರದು ಎಂಬುದು ನನ್ನ ಅಭಿಪ್ರಾಯ.

ಇನ್ನು ಕೃತಿಗಳು. ಇಲ್ಲಿ ಜರ್ಮನ್ ಭಾಷೆಯ ಲೇಖಕ ಕಾಫ್ಕಾನ ಹೆಸರನ್ನೂ ಅವನ ಗೆಳೆಯ ಸುಡದೆ ಉಳಿಸಿದ ಹಸ್ತಪ್ರತಿಗಳನ್ನೂ ಎಲ್ಲರೂ ಹೇಳುವುದರಿಂದ ನಾನು ಹೇಳುವುದಿಲ್ಲ. ನಮ್ಮ ನೆಲದಲ್ಲಿ ಅದಕ್ಕಿಂತ ಹಳೆಯದಾದ, ನನ್ನ ಮಟ್ಟಿಗೆ ಅದಕ್ಕಿಂತ ಗಾಢವಾದ ಪ್ರಕರಣವೊಂದಿದೆ. ಒಂಬತ್ತನೆಯ ಶತಮಾನದ ರಾಷ್ಟ್ರಕೂಟರ ಕಾಲದಲ್ಲಿ ವೀರಸೇನಾಚಾರ್ಯರು ಷಟ್ಖಂಡಾಗಮವೆಂಬ ಜೈನ ಆಗಮಗ್ರಂಥಕ್ಕೆ ‘ಧವಲಾ’ ಎಂಬ ಮಹಾವ್ಯಾಖ್ಯಾನವನ್ನು ಮುಗಿಸಿ, ಕಷಾಯಪಾಹುಡವೆಂಬ ಇನ್ನೊಂದು ಆಗಮಗ್ರಂಥಕ್ಕೆ ‘ಜಯಧವಲಾ’ವನ್ನು ಆರಂಭಿಸಿದರು. ಇಪ್ಪತ್ತು ಸಾವಿರ ಶ್ಲೋಕಪ್ರಮಾಣದಷ್ಟು ಬರೆಯುವ ಹೊತ್ತಿಗೆ ಅವರು ಕಾಲವಾದರು. ಶಿಷ್ಯ ಜಿನಸೇನರು ಇನ್ನೂ ನಲವತ್ತು ಸಾವಿರದಷ್ಟನ್ನು ಬರೆದು 837ರಲ್ಲಿ ಅದನ್ನು ಪೂರೈಸಿದರು. ಆ ಜಿನಸೇನರೇ, ಅಮೋಘವರ್ಷ ನೃಪತುಂಗನು ಗುರುವೆಂದು ಗೌರವಿಸಿದ ಅದೇ ಜಿನಸೇನರು, ಅನಂತರ ಮಹಾಪುರಾಣವನ್ನು ಕೈಗೆತ್ತಿಕೊಂಡು, ಅದರ ಮೊದಲ ಭಾಗವಾದ ಆದಿಪುರಾಣದ 42 ಪರ್ವಗಳನ್ನು ಮುಗಿಸಿ 43ನೆಯದರ ಆರಂಭದಲ್ಲಿ ತಾವೂ ತೀರಿಕೊಂಡರು. ಗುರುವಿನ ಅರೆಗ್ರಂಥವನ್ನು ತುಂಬಿಕೊಟ್ಟವರ ಗ್ರಂಥವೇ ಅರೆಯಾಗಿ ಉಳಿಯಿತು. ಈಗ ಅವರ ಶಿಷ್ಯ ಗುಣಭದ್ರರ ಸರದಿ.

ಗುಣಭದ್ರರು ಆದಿಪುರಾಣದ ಉಳಿದ ಪರ್ವಗಳನ್ನು ಬರೆದು, ಉತ್ತರಪುರಾಣವನ್ನೂ ರಚಿಸಿದರು. ಕೆಲಸಕ್ಕೆ ಕೈಹಾಕುವಾಗ ಅವರು ಆಡಿರುವ ಮಾತೊಂದು ನನಗೆ ಬಹಳ ಪ್ರಿಯವಾದದ್ದು: ಕಬ್ಬಿನ ಜಲ್ಲೆಯಂತೆ ಈ ಕೃತಿಯ ಮೊದಲರ್ಧವೇ ರಸಭರಿತ, ಉಳಿದದ್ದು ಹೇಗೆ ಬರುವುದೋ ಹಾಗೆ ಬರಲಿ ಎಂದುಕೊಂಡು ತೊಡಗುತ್ತೇನೆ ಎಂಬ ಅರ್ಥದ ಶ್ಲೋಕ ಅದು. ವಿನಯದ ಮಾತು ಹೌದಾದರೂ ಅದರೊಳಗೊಂದು ವಿಮರ್ಶೆಯ ಎಚ್ಚರವೂ ಇದೆ. ತನ್ನ ಭಾಗ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಓದುಗನಿಗೆ ಗುಟ್ಟಾಗಿ ಉಳಿಸದೆ ಹೇಳಿ, ಹೊಲಿಗೆಯ ಗೆರೆಯನ್ನು ಕಾಣುವಂತೆ ಬಿಟ್ಟು, ಗುರುವಿನ ಹೆಸರನ್ನು ಮುಂದಿಟ್ಟು ಕೆಲಸ ಮಾಡಿದ ಸಂಪಾದಕ ಆತ. 898ರಲ್ಲಿ, ಇಂದಿನ ಹಾವೇರಿ ಜಿಲ್ಲೆಯ ಬಂಕಾಪುರದಲ್ಲಿ, ಲೋಕಾದಿತ್ಯನ ಆಳ್ವಿಕೆಯಲ್ಲಿ ಉತ್ತರಪುರಾಣಕ್ಕೆ ಪೂಜೆ ಸಂದಿತು. ಇನ್ನು ನಲವತ್ತಮೂರು ವರ್ಷಗಳಿಗೆ, 941ರಲ್ಲಿ, ಪಂಪನು ಇದೇ ಮಹಾಪುರಾಣದ ಆದಿಭಾಗವನ್ನು ಆಧಾರವಾಗಿಟ್ಟುಕೊಂಡು ಕನ್ನಡದ ‘ಆದಿಪುರಾಣ’ವನ್ನು ಬರೆದ. ಕನ್ನಡದ ಆದಿಕವಿ ಊರಿ ನಿಂತ ನೆಲವನ್ನು, ಗುರು ತೀರಿಕೊಂಡ ಮೇಲೆ ಕೈಬಿಡದ ಶಿಷ್ಯರು ಎರಡು ತಲೆಮಾರುಗಳ ಕಾಲ ಸಿದ್ಧಮಾಡಿದ್ದರು.

ಈ ಕಥೆಗೆ ಇನ್ನೊಂದು ಮಗ್ಗುಲಿದೆ, ಅದು ಅಷ್ಟು ಸಂತೋಷದ್ದಲ್ಲ. ಧವಲಾ, ಜಯಧವಲಾ ಗ್ರಂಥಗಳ ಹಳೆಯ ತಾಳೆಯೋಲೆಯ ಪ್ರತಿಗಳು ಉಳಿದುಕೊಂಡದ್ದು ಕರಾವಳಿಯ ಮೂಡುಬಿದಿರೆಯ ಬಸದಿಯಲ್ಲಿ ಮಾತ್ರ, ಹಳಗನ್ನಡ ಲಿಪಿಯಲ್ಲಿ. ಶತಮಾನಗಳ ಕಾಲ ಅವು ದರ್ಶನಕ್ಕೆ ಇದ್ದವು, ಓದಿಗೆ ಇರಲಿಲ್ಲ. ಬಂದ ಯಾತ್ರಿಕರು ಕೈಮುಗಿದು ಹೋಗುತ್ತಿದ್ದರು. ಧವಲೆಯ ಮೊದಲ ಸಂಪುಟ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಅಚ್ಚಾಗಿ ಹೊರಬಂದದ್ದು 1939ರಲ್ಲಿ. ಬಸದಿಯವರನ್ನು ದೂರುವುದು ಸುಲಭ. ಆದರೆ ಅವರು ಬಾಗಿಲು ಹಾಕಿ ಕಾಯದೆ ಇದ್ದಿದ್ದರೆ ಅಚ್ಚು ಹಾಕಲು ಓಲೆಗಳೇ ಇರುತ್ತಿರಲಿಲ್ಲ. ಕಾಯುವುದಕ್ಕೂ ಬಚ್ಚಿಡುವುದಕ್ಕೂ ನಡುವೆ ಗೆರೆ ಎಲ್ಲಿದೆ ಎಂದು ಕೇಳಿದರೆ, ಓದಬಲ್ಲವನು ಬಂದು ಬಾಗಿಲು ತಟ್ಟಿದಾಗ ಏನಾಗುತ್ತದೆ ಎಂಬುದನ್ನು ನೋಡಿ ಹೇಳಬೇಕಾಗುತ್ತದೆ.

ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರ ಕೊನೆಯ ಹಾಳೆಗಳ ವಿಷಯದಲ್ಲಿ ಬಾಗಿಲು ತಟ್ಟುವವರೇ ಬಹುಕಾಲ ಬರಲಿಲ್ಲ. ಅವರು 1920ರ ಏಪ್ರಿಲ್ 26ರಂದು, 32ನೆಯ ವಯಸ್ಸಿನಲ್ಲಿ, ಮದರಾಸಿನಲ್ಲಿ ತೀರಿಕೊಂಡರು. ಕೊನೆಯ ವರ್ಷದಲ್ಲಿ ಹಾಸಿಗೆಯಲ್ಲಿದ್ದುಕೊಂಡೇ ಬರೆದ ನೂರಕ್ಕೂ ಹೆಚ್ಚು ಪುಟಗಳು ಮದರಾಸು ವಿಶ್ವವಿದ್ಯಾಲಯಕ್ಕೆ ಬಂದು, ಅಲ್ಲಿಂದ 1923ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಹಾರ್ಡಿಗೆ, ಹಾರ್ಡಿಯಿಂದ ಜಿ. ಎನ್. ವಾಟ್ಸನ್ ಅವರ ಕೈಗೆ ಹೋದವು. 1965ರಲ್ಲಿ ವಾಟ್ಸನ್ ತೀರಿಕೊಂಡಾಗ ಆ ಹಾಳೆಗಳು ಅವರ ಕೋಣೆಯ ಕಾಗದದ ರಾಶಿಯಲ್ಲಿ ಸಿಕ್ಕವು. ರ‍್ಯಾಂಕಿನ್ ಎಂಬ ಗಣಿತಜ್ಞರು ಅವನ್ನು 1968ರಲ್ಲಿ ಕೇಂಬ್ರಿಜ್ಜಿನ ಟ್ರಿನಿಟಿ ಕಾಲೇಜಿಗೆ ಒಪ್ಪಿಸಿದರು. 1976ರಲ್ಲಿ ಅಮೆರಿಕದ ಜಾರ್ಜ್ ಆಂಡ್ರ್ಯೂಸ್ ಅಲ್ಲಿಯ ಗ್ರಂಥಾಲಯದಲ್ಲಿ ಪೆಟ್ಟಿಗೆಯೊಂದನ್ನು ತೆರೆದಾಗ, ರಾಮಾನುಜನ್ ತಮ್ಮ ಕೊನೆಯ ಪತ್ರದಲ್ಲಿ ಹಾರ್ಡಿಗೆ ಬರೆದಿದ್ದ ‘ಮಾಕ್ ಥೀಟಾ’ ಫಲನಗಳನ್ನು ಹಾಳೆಗಳ ಮೇಲೆ ಕಂಡು, ಇವು ಯಾವ ಕಾಲದವು ಎಂದು ಗುರುತಿಸಿದರು. ಆ ಫಲನಗಳ ಮೇಲೆಯೇ ಡಾಕ್ಟರೇಟು ಪಡೆದಿದ್ದವರು ಅವರು. ಬೇರೆಯವರು ತೆರೆದಿದ್ದರೆ ಮತ್ತೆ ಮುಚ್ಚಿಟ್ಟು ಹೋಗುತ್ತಿದ್ದರೇನೋ. ಆರುನೂರಕ್ಕೂ ಹೆಚ್ಚಿನ ಸೂತ್ರಗಳು, ಬಹುಪಾಲು ಸಾಧನೆಯಿಲ್ಲದೆ, ಅಂದರೆ ರುಜುವಾತಿಲ್ಲದೆ, ಬರೆದಿಟ್ಟವು. ಆಂಡ್ರ್ಯೂಸ್ ಮತ್ತು ಬ್ರೂಸ್ ಬರ್ಂಟ್ ಅವರು ಅವನ್ನು ಐದು ಸಂಪುಟಗಳಲ್ಲಿ ಸಾಧಿಸಿ ಮುಗಿಸಿದ್ದು 2018ರಲ್ಲಿ. ಮಾಕ್ ಥೀಟಾಗಳು ನಿಜಕ್ಕೂ ಏನು ಎಂಬುದನ್ನು ಡಚ್ ಗಣಿತಜ್ಞ ಸ್ವೆಗರ್ಸ್ 2002ರ ತಮ್ಮ ಪ್ರಬಂಧದಲ್ಲಿ ವಿವರಿಸುವ ತನಕ, ಅವುಗಳ ಕರ್ತೃ ಸತ್ತು 82 ವರ್ಷಗಳಾಗಿದ್ದವು. ಕಳೆದುಹೋದ ನೋಟ್‌ಬುಕ್ ಎಂದು ಇದನ್ನು ಕರೆಯುವುದು ರೂಢಿ. ಅದು ಯಾರ ಕೈಯಿಂದಲೂ ಕಳೆದುಹೋಗಿರಲಿಲ್ಲ. ಗಣ್ಯರ ಕೈಗಳಲ್ಲೇ ಇತ್ತು.

ಇನ್ನೊಬ್ಬ ರಾಮಾನುಜನ್ ನಮ್ಮ ಮೈಸೂರಿನವರು. ಅತ್ತಿಪಟ್ಟು ಕೃಷ್ಣಸ್ವಾಮಿ ರಾಮಾನುಜನ್ 1993ರ ಜುಲೈ 13ರಂದು ಷಿಕಾಗೋದಲ್ಲಿ ಶಸ್ತ್ರಚಿಕಿತ್ಸೆಗೆಂದು ಅರಿವಳಿಕೆ ಕೊಟ್ಟ ಸಂದರ್ಭದಲ್ಲಿ ತೀರಿಕೊಂಡರು. 1995ರಲ್ಲಿ ಬಂದ ಇಂಗ್ಲಿಷ್ ಸಮಗ್ರ ಕವಿತೆಗಳ ಸಂಪುಟದ ಕೊನೆಯ ಭಾಗವು, ಅವರ ಕಂಪ್ಯೂಟರಿನ ಡಿಸ್ಕುಗಳಲ್ಲಿ ಉಳಿದಿದ್ದ ಕವಿತೆಗಳಿಂದ ಇತರರು ಆಯ್ದು ಕಟ್ಟಿದ್ದು. 1997ರಲ್ಲಿ ಕನ್ನಡ ನಾಡಿನ ಜನಪದ ಕಥೆಗಳ ಸಂಗ್ರಹವನ್ನು ಸ್ಟುವರ್ಟ್ ಬ್ಲ್ಯಾಕ್‌ಬರ್ನ್ ಮತ್ತು ಅಲನ್ ಡಂಡಿಸ್ ಸಂಪಾದಿಸಿ ಹೊರತಂದರು. 1999ರಲ್ಲಿ ಪ್ರಬಂಧಗಳ ಸಂಪುಟ ಬಂತು. 2019ರಲ್ಲಿ ದಿನಚರಿಗಳಿಂದ ಆಯ್ದ ಪುಸ್ತಕ. ಒಂದು ಕವಿತೆಯನ್ನು ವರ್ಷಗಟ್ಟಲೆ ತಿದ್ದುತ್ತ ಕೂರುತ್ತಿದ್ದ ಕವಿಯ ವಿಷಯದಲ್ಲಿ ಇದು ಸಣ್ಣ ಪ್ರಶ್ನೆಯಲ್ಲ: ಡಿಸ್ಕಿನಲ್ಲಿದ್ದದ್ದು ಮುಗಿದ ಕವಿತೆಯೋ, ಮುಗಿಯುವ ದಾರಿಯಲ್ಲಿದ್ದ ಕರಡೋ? ಜನಪದ ಕಥೆಗಳ ಸಂಗ್ರಹದ ಬಗ್ಗೆ ನನಗೆ ಯಾವ ಅಳುಕೂ ಇಲ್ಲ, ಅದು ಅವರು ದಶಕಗಳ ಕಾಲ ಅಚ್ಚಿಗೆಂದೇ ಸಿದ್ಧಪಡಿಸುತ್ತಿದ್ದ ಕೆಲಸ. ದಿನಚರಿಯ ಬಗ್ಗೆ ಇದೆ. ಅದನ್ನು ಓದಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬನಾದರೂ, ಆ ಸಂತೋಷಕ್ಕೆ ಅವರ ಅನುಮತಿಯಿತ್ತೆಂದು ಹೇಳಲಾರೆ.

ಸಂಪಾದಕನ ಕೈ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಅಮೆರಿಕದ ಕವಯಿತ್ರಿ ಎಮಿಲಿ ಡಿಕಿನ್ಸನ್ ಅವರ ಉದಾಹರಣೆ ಸಾಕು. 1886ರಲ್ಲಿ ಅವರು ತೀರಿಕೊಂಡ ಮೇಲೆ ತಂಗಿಗೆ ಸಿಕ್ಕ ಕವಿತೆಗಳನ್ನು 1890ರಲ್ಲಿ ಅಚ್ಚು ಹಾಕಿಸಿದವರು ಅವುಗಳ ವಿರಾಮಚಿಹ್ನೆಗಳನ್ನೂ, ಕೆಲವೆಡೆ ಪದಗಳನ್ನೂ, ಅಂದಿನ ರುಚಿಗೆ ಹೊಂದುವಂತೆ ತಿದ್ದಿದ್ದರು. ಕವಿ ಬರೆದಂತೆಯೇ ಓದಲು ಲೋಕವು 1955ರ ಥಾಮಸ್ ಜಾನ್ಸನ್ ಅವರ ಆವೃತ್ತಿಯವರೆಗೆ ಕಾಯಬೇಕಾಯಿತು. ಗುಣಭದ್ರರ ಕಾಣುವ ಹೊಲಿಗೆಗೂ ಈ ಕಾಣದ ಹೊಲಿಗೆಗೂ ಇರುವ ಅಂತರವನ್ನು ಇಲ್ಲಿರುವ ಸಂಪಾದಕರು ಗಮನಿಸಬೇಕೆಂದು ಕೋರುತ್ತೇನೆ.

ಕಾನೂನು ಇಂಥ ಕೃತಿಗಳನ್ನು ಹೇಗೆ ನೋಡುತ್ತದೆ? ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಲೇಖಕನು ಬದುಕಿದ್ದಾಗ ಪ್ರಕಟವಾದ ಬರಹದ ಮೇಲಿನ ಹಕ್ಕು ಅವನು ತೀರಿಕೊಂಡ ಮುಂದಿನ ವರ್ಷದ ಆರಂಭದಿಂದ 60 ವರ್ಷಗಳವರೆಗೆ ಇರುತ್ತದೆ. ಮೊದಲು ಇದು 50 ವರ್ಷವಿತ್ತು. ರವೀಂದ್ರನಾಥ ಟಾಗೋರರ ಕೃತಿಗಳ ಹಕ್ಕು ಮುಗಿಯುತ್ತ ಬಂದಾಗ ಅದನ್ನು ಹತ್ತು ವರ್ಷ ಹಿಗ್ಗಿಸಲಾಯಿತು. ಮರಣಾನಂತರ ಮೊದಲ ಬಾರಿಗೆ ಪ್ರಕಟವಾದ ಬರಹಕ್ಕೆ 24ನೆಯ ಕಲಮು ಬೇರೆ ಲೆಕ್ಕವನ್ನು ಇಟ್ಟಿದೆ. ಅದರ 60 ವರ್ಷಗಳು ಶುರುವಾಗುವುದು ಪ್ರಕಟಣೆಯ ಮುಂದಿನ ವರ್ಷದಿಂದ. ಇದರ ಪರಿಣಾಮವನ್ನು ನೋಡಿ. ರಾಮಾನುಜನ್ನರು ತಾವೇ ಆರಿಸಿ 1969ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯ ಮೂಲಕ ಪ್ರಕಟಿಸಿದ ‘ಹೊಕ್ಕುಳಲ್ಲಿ ಹೂವಿಲ್ಲ’ ಸಂಕಲನ 2053ರ ಕೊನೆಗೆ ಎಲ್ಲರ ಸ್ವತ್ತಾಗುತ್ತದೆ. ಅವರು ಯಾರಿಗೂ ತೋರಿಸದೆ ಬರೆದಿಟ್ಟುಕೊಂಡ ದಿನಚರಿಯ ಟಿಪ್ಪಣಿ 2079ರವರೆಗೆ ಹಕ್ಕಿನ ಬೇಲಿಯೊಳಗೆ ಇರುತ್ತದೆ. ಮಗುವಿನ ವಿಷಯದಲ್ಲಿ ಕಾನೂನು ಹುಟ್ಟನ್ನು ಸಾವಿಗಿಂತ ಹಿಂದಕ್ಕೆ ಸರಿಸಿತ್ತು, ಕೃತಿಯ ವಿಷಯದಲ್ಲಿ ಹುಟ್ಟಿದ ದಿನದಿಂದಲೇ ವಯಸ್ಸನ್ನು ಎಣಿಸುತ್ತದೆ. ಪ್ರಕಟಿಸುವವರಿಗೆ ಪ್ರೋತ್ಸಾಹ ಸಿಗಲಿ ಎಂಬ ಉದ್ದೇಶ ಅರ್ಥವಾಗುವಂಥದ್ದೇ. ಆದರೆ ಕರಡನ್ನು ಪ್ರಕಟಿಸಬಹುದೇ, ಪ್ರಕಟಿಸಿದರೆ ಎಷ್ಟು ತಿದ್ದಬಹುದು ಎಂಬುದರ ಬಗ್ಗೆ ಆ ಕಲಮಿನಲ್ಲಿ ಒಂದು ಮಾತೂ ಇಲ್ಲ. ಅರ್ಧ ಕಟ್ಟಳೆ ಎಂದು ನಾನು ಆರಂಭದಲ್ಲಿ ಹೇಳಿದ್ದು ಇದನ್ನೇ.

ಮನ್ನಣೆಗೆ ಬರುವ ಮುನ್ನ ಮುದ್ದಣನ ಬಳಿ ಒಂದು ಗಳಿಗೆ ನಿಲ್ಲೋಣ. ಕಾರ್ಕಳದ ಸೀಮೆಯ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನವರು ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದುಕೊಂಡು ಬರೆದ ‘ರಾಮಾಶ್ವಮೇಧ’ವನ್ನು, ತಮ್ಮದೆಂದು ಹೇಳದೆ, ಹಳೆಯ ಕವಿಯೊಬ್ಬನ ಗ್ರಂಥವೆಂಬಂತೆ ಮೈಸೂರಿನ ಸಂಪಾದಕರಿಗೆ ಕಳಿಸಿದರು. ಪ್ರಾಚೀನ ಕಾವ್ಯಗಳನ್ನು ಹುಡುಕಿ ಅಚ್ಚು ಹಾಕುತ್ತಿದ್ದ ಕಾಲ ಅದು. ಸತ್ತ ಕವಿಗೆ ಪತ್ರಿಕೆಯಲ್ಲಿ ಜಾಗವಿತ್ತು, ಬದುಕಿರುವ ಡ್ರಿಲ್ ಮೇಷ್ಟರಿಗೆ ಇರುತ್ತಿತ್ತೋ ಇಲ್ಲವೋ. 1901ರಲ್ಲಿ ಕ್ಷಯದಿಂದ ಅವರು ತೀರಿಕೊಂಡಾಗ ಮೂವತ್ತೊಂದು ವರ್ಷ. ಮುದ್ದಣ ಯಾರೆಂಬುದು ನಾಡಿಗೆ ತಿಳಿದು, ಮನೋರಮೆಯೊಡನೆ ಅವನಾಡುವ ಸಲ್ಲಾಪ ಪಠ್ಯಪುಸ್ತಕಗಳನ್ನು ಸೇರಿದ್ದು ಆಮೇಲೆ. ಮನ್ನಣೆ ಸತ್ತವರಿಗೇ ಹೆಚ್ಚು ಸುಲಭವೆಂದು ಲೆಕ್ಕ ಹಾಕಿ, ಬದುಕಿರುವಾಗಲೇ ಸತ್ತವನ ವೇಷ ತೊಟ್ಟ ಮತ್ತೊಬ್ಬ ಕವಿ ನಮ್ಮಲ್ಲಿ ಇದ್ದಂತಿಲ್ಲ.

ಕೇಂದ್ರ ಸಾಹಿತ್ಯ ಅಕಾಡೆಮಿಯ ಕನ್ನಡ ಪ್ರಶಸ್ತಿಗಳಲ್ಲಿ ಮರಣಾನಂತರ ಸಂದವು ಕೆಲವಿವೆ. ದೇವುಡು ನರಸಿಂಹಶಾಸ್ತ್ರಿಗಳು 1962ರಲ್ಲಿ ತೀರಿಕೊಂಡರು, ಅದೇ ವರ್ಷದ ಪ್ರಶಸ್ತಿ ಅವರ ‘ಮಹಾಕ್ಷತ್ರಿಯ’ಕ್ಕೆ. ಚಿತ್ರದುರ್ಗದ ಪತನವನ್ನು ಬರೆದ ತ. ರಾ. ಸುಬ್ಬರಾಯರು 1984ರ ಏಪ್ರಿಲಿನಲ್ಲಿ ತೀರಿಕೊಂಡರು, ‘ದುರ್ಗಾಸ್ತಮಾನ’ಕ್ಕೆ ಪ್ರಶಸ್ತಿ 1985ರದು. 1999ರದಂತೂ ವಿಶೇಷ. ದೊಡ್ಡಬಳ್ಳಾಪುರದ ನೇಕಾರರ ಮನೆಯಿಂದ ಬಂದು, ನಲವತ್ತನಾಲ್ಕರ ವಯಸ್ಸಿನಲ್ಲಿ, 1998ರ ಆಗಸ್ಟ್ 12ರಂದು ತೀರಿಕೊಂಡ ಡಿ. ಆರ್. ನಾಗರಾಜ್ ಅವರ ‘ಸಾಹಿತ್ಯ ಕಥನ’ಕ್ಕೆ ಕನ್ನಡದ ಪ್ರಶಸ್ತಿ, ಎ. ಕೆ. ರಾಮಾನುಜನ್ನರ ಸಮಗ್ರ ಕವಿತೆಗಳಿಗೆ ಇಂಗ್ಲಿಷಿನ ಪ್ರಶಸ್ತಿ. ಒಂದೇ ವರ್ಷ ಎರಡು ಭಾಷೆಗಳ ಪ್ರಶಸ್ತಿ ಕನ್ನಡದ ಇಬ್ಬರಿಗೆ, ಇಬ್ಬರೂ ಪಡೆಯಲು ಇರಲಿಲ್ಲ. ಇವೆಲ್ಲವನ್ನೂ ತಡವಾದವೆಂದು ನಾನು ಕರೆಯಲಾರೆ. ಪುಸ್ತಕಗಳು ಓದಿಗೆ ಬಂದಿದ್ದವು, ತೂಗಿದವರು ಪುಸ್ತಕವನ್ನೇ ತೂಗಿದರು, ರಾಮಾನುಜನ್ನರ ಸಂಪುಟವೊಂದನ್ನು ಬಿಟ್ಟರೆ ನಡುವಿನಲ್ಲಿ ಸಾವು ಬಂತು ಅಷ್ಟೆ. ನಾಗರಾಜರ ‘ಅಲ್ಲಮಪ್ರಭು ಮತ್ತು ಶೈವ ಪ್ರತಿಭೆ’ ಅವರಿಲ್ಲದಾಗ ಬಂದು, ಅವರ ಇಂಗ್ಲಿಷ್ ಪ್ರಬಂಧಗಳ ವಿಸ್ತೃತ ಸಂಪುಟವನ್ನು ಶಿಷ್ಯ ಪೃಥ್ವಿ ದತ್ತ ಚಂದ್ರ ಶೋಭಿ 2010ರಲ್ಲಿ ಸಿದ್ಧಪಡಿಸಿಕೊಟ್ಟದ್ದನ್ನು ನೋಡಿದರೆ, ಪ್ರಶಸ್ತಿಗಿಂತ ದೊಡ್ಡ ಮನ್ನಣೆ ಯಾವುದು ಎಂಬ ವಿಷಯದಲ್ಲಿ ನನಗೆ ಸಂಶಯವಿಲ್ಲ.

ಸರ್ಕಾರಗಳು ಕೊಡುವ ಗೌರವದ ಬಗೆಯೇ ಬೇರೆ. ಭಾರತ ರತ್ನವನ್ನು 1954ರಲ್ಲಿ ಸ್ಥಾಪಿಸಿದಾಗ ತೀರಿಕೊಂಡವರಿಗೆ ಕೊಡಲು ಅವಕಾಶವಿರಲಿಲ್ಲ. ಮರುವರ್ಷ ನಿಯಮವನ್ನು ಬದಲಿಸಿದರು. ಹಾಗೆ ಮೊದಲು ಸಂದದ್ದು 1966ರಲ್ಲಿ, ತಾಷ್ಕೆಂಟಿನಲ್ಲಿ ಅದೇ ಜನವರಿಯಲ್ಲಿ ತೀರಿಕೊಂಡ ಲಾಲ್ ಬಹಾದೂರ್ ಶಾಸ್ತ್ರಿಯವರಿಗೆ. ಡಾ. ಅಂಬೇಡ್ಕರ್ ಅವರಿಗೆ ಸಂದದ್ದು 1990ರಲ್ಲಿ, ಪರಿನಿರ್ವಾಣದ 34 ವರ್ಷಗಳ ಬಳಿಕ. 1991ರಲ್ಲಿ ಆ ವರ್ಷವೇ ಹತ್ಯೆಗೀಡಾದ ರಾಜೀವ್ ಗಾಂಧಿಯವರಿಗೂ, ಗೌರವ ಹುಟ್ಟುವುದಕ್ಕೆ ಮೊದಲೇ, 1950ರಲ್ಲಿ, ತೀರಿಕೊಂಡಿದ್ದ ಸರ್ದಾರ್ ಪಟೇಲರಿಗೂ ಒಟ್ಟಿಗೆ ಕೊಟ್ಟರು. 1946ರಲ್ಲಿ ಕಾಲವಾದ ಮದನಮೋಹನ ಮಾಳವೀಯರಿಗೆ ಘೋಷಿಸಿದ್ದು 2014ರಲ್ಲಿ. ಈ ವರ್ಷಗಳನ್ನು ಸಾಲಾಗಿ ಇಟ್ಟು ನೋಡಿದರೆ, ಮೃತರ ಸಾಧನೆಗಿಂತ ಆಯಾ ಹೊತ್ತಿನ ದೆಹಲಿಯ ಹವಾಮಾನವೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. 1956ರಲ್ಲಿ ಇಲ್ಲದ ಯಾವ ಅರ್ಹತೆ ಬಾಬಾಸಾಹೇಬರಿಗೆ 1990ರಲ್ಲಿ ಬಂತು? ನಮ್ಮ ಕರ್ನಾಟಕ ರತ್ನ 1992ರಿಂದ ಬದುಕಿದ್ದವರಿಗೇ ಸಂದು, ಮೊದಲ ಬಾರಿಗೆ ಮರಣಾನಂತರ ಸಂದದ್ದು 2022ರ ನವೆಂಬರ್ 1ರಂದು, ಪುನೀತ್ ರಾಜ್‌ಕುಮಾರ್ ಅವರಿಗೆ. ಅದು ಜನರ ದುಃಖದ ಬೆನ್ನಿಗೇ ಬಂದ ಗೌರವ. ಅದರ ಪ್ರಾಮಾಣಿಕತೆಯನ್ನು ಯಾರೂ ಪ್ರಶ್ನಿಸಲಿಲ್ಲ. ಆದರೆ ಬಾಗಿಲು ಒಮ್ಮೆ ತೆರೆದ ಮೇಲೆ ಅಗಲಿದವರ ಹೆಸರುಗಳ ಸಾಲು ಬೆಳೆಯುತ್ತ ಹೋಗುವುದೂ ಸಹಜವೇ.

ನೊಬೆಲ್ ಸಂಸ್ಥೆ ಇದಕ್ಕೆ ಕಠಿಣವಾದ ಉತ್ತರವನ್ನು ಕಂಡುಕೊಂಡಿತು. ಹಿಂದೆ, ಹೆಸರು ಸೂಚಿತವಾದ ಮೇಲೆ ತೀರಿಕೊಂಡವರಿಗೆ ಕೊಡುವುದಿತ್ತು. 1931ರಲ್ಲಿ ಸ್ವೀಡನ್ನಿನ ಕವಿ ಕಾರ್ಲ್‌ಫೆಲ್ಟ್, 1961ರಲ್ಲಿ ವಿಶ್ವಸಂಸ್ಥೆಯ ಡಾಗ್ ಹ್ಯಾಮರ್‌ಷೋಲ್ಡ್ ಹಾಗೆ ಪಡೆದವರು. 1974ರಿಂದ ಘೋಷಣೆಯ ಹೊತ್ತಿಗೆ ಬದುಕಿರಲೇಬೇಕೆಂದು ನಿಯಮವಾಯಿತು. 2011ರಲ್ಲಿ ವೈದ್ಯಶಾಸ್ತ್ರದ ಬಹುಮಾನಕ್ಕೆ ಹೆಸರಾದ ರಾಲ್ಫ್ ಸ್ಟೈನ್‌ಮನ್ ಮೂರು ದಿನಗಳ ಹಿಂದೆಯೇ ತೀರಿಕೊಂಡಿದ್ದರೆಂಬುದು ಘೋಷಣೆಯಾದ ಮೇಲೆ ತಿಳಿಯಿತು. ಬದುಕಿದ್ದಾರೆಂಬ ನಂಬಿಕೆಯಿಂದಲೇ ನಿರ್ಧರಿಸಿದ್ದರಿಂದ ಅದನ್ನು ಉಳಿಸಿಕೊಂಡರು. ಗಾಂಧೀಜಿಯ ವಿಷಯ ಇದಕ್ಕಿಂತ ಕಹಿಯಾದದ್ದು. 1948ರಲ್ಲಿ ಅವರ ಹೆಸರು ಸೂಚಿತವಾಗಿತ್ತು. ಜನವರಿ 30ರಂದು ಅವರ ಹತ್ಯೆಯಾಯಿತು. ಹಳೆಯ ನಿಯಮದಲ್ಲಿ ಅವಕಾಶವಿದ್ದಾಗ್ಯೂ ನಾರ್ವೆಯ ಸಮಿತಿ, ಯೋಗ್ಯರಾದ ಜೀವಂತ ಅಭ್ಯರ್ಥಿ ಯಾರೂ ಇಲ್ಲವೆಂದು ಹೇಳಿ, ಆ ವರ್ಷ ಶಾಂತಿಯ ಬಹುಮಾನವನ್ನು ಯಾರಿಗೂ ಕೊಡಲಿಲ್ಲ.

ಕೊಡುವವರಿಗೆ ಕಟ್ಟಳೆಯಿಲ್ಲದಾಗ ಏನಾಗುತ್ತದೆ ಎಂಬುದಕ್ಕೆ ಕೊನೆಯದಾಗಿ ಒಂದು ಪ್ರಕರಣ. 1992ರ ಜನವರಿಯಲ್ಲಿ ರಾಷ್ಟ್ರಪತಿ ಭವನದ ಪತ್ರಿಕಾ ಪ್ರಕಟಣೆಯೊಂದು ಸುಭಾಷಚಂದ್ರ ಬೋಸರಿಗೆ ಮರಣೋತ್ತರವಾಗಿ ಭಾರತ ರತ್ನವನ್ನು ಸಾರಿತು. ಗೌರವವನ್ನು ವಿರೋಧಿಸಿದವರಿಗಿಂತ ಹೆಚ್ಚಾಗಿ ಆ ‘ಮರಣೋತ್ತರ’ವನ್ನು ವಿರೋಧಿಸಿದವರು ಮುಂದೆ ಬಂದರು. ನೇತಾಜಿ 1945ರಲ್ಲಿ ತೀರಿಕೊಂಡರೆಂಬುದನ್ನೇ ಒಪ್ಪದವರು ದೇಶದಲ್ಲಿ ಬಹಳ ಜನರಿದ್ದರು. ಪ್ರಶಸ್ತಿಯ ನೆಪದಲ್ಲಿ ಸರ್ಕಾರವು ಅವರ ಮರಣವನ್ನು ಅಧಿಕೃತಗೊಳಿಸುತ್ತಿದೆ ಎಂದು ಅವರು ಕಲ್ಕತ್ತೆಯ ಉಚ್ಚ ನ್ಯಾಯಾಲಯಕ್ಕೆ ಹೋದರು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯವನ್ನು ತಲಪಿತು. ವಿರೋಧವನ್ನು ಕಂಡು ತಾನು ಮುಂದಿನ ಹೆಜ್ಜೆಯನ್ನು ಇಟ್ಟೇ ಇಲ್ಲವೆಂದು ಸರ್ಕಾರ ಹೇಳಿಕೊಂಡಿತು. ಪದಕವನ್ನೂ ಕೊಟ್ಟಿರಲಿಲ್ಲ, ಹೆಸರನ್ನೂ ದಾಖಲೆಯಲ್ಲಿ ಬರೆದಿರಲಿಲ್ಲ. 1997ರಲ್ಲಿ ನ್ಯಾಯಾಲಯವು ಪ್ರಶಸ್ತಿಯನ್ನು ಪ್ರದಾನ ಮಾಡಿಯೇ ಇಲ್ಲವಾದ್ದರಿಂದ ಹಿಂಪಡೆಯುವ ಪ್ರಶ್ನೆ ಏಳುವುದಿಲ್ಲವೆಂಬ ನಿಲುವಿಗೆ ಬಂದು, ಐದು ವರ್ಷ ಹಿಂದಿನ ಆ ಪತ್ರಿಕಾ ಪ್ರಕಟಣೆಯನ್ನು ರದ್ದಾದದ್ದೆಂದು ತಿಳಿಯತಕ್ಕದ್ದು ಎಂದು ಘೋಷಿಸಿತು.